ವೃಶ್ಚಿಕದ ಅಪರಿಚಿತ



ಮೇ ತಿಂಗಳ ನಡುರಾತ್ರಿ ಅಂಗಳದಲ್ಲಿ ನಿಂತು ದಕ್ಷಿಣಕ್ಕೆ ನೋಡಿ. ವೃಶ್ಚಿಕ ರಾಶಿಯಲ್ಲಿ ಕೆಂಪಗೆ ಹೊಳೆಯುವುದು ಜ್ಯೇಷ್ಠಾ ನಕ್ಷತ್ರ. ಕೈ ಚಾಚಿ ಮುಷ್ಟಿ ಹಿಡಿದರೆ, ಅದರಿಂದ ಸುಮಾರು ಒಂದು ಮುಷ್ಟಿ ಮೇಲೆ ಬರಿಗಣ್ಣಿಗೆ ಕಾಣದ ಒಂದು ನಕ್ಷತ್ರವಿದೆ. ಇಂದಿನ ಮಾತು ಅದರದೇ.

1962ರ ಜೂನ್ 18ರಂದು ಅಮೆರಿಕದ ನ್ಯೂ ಮೆಕ್ಸಿಕೊದಿಂದ ರಿಕಾರ್ಡೊ ಜಿಯಾಕೋನಿ ಮತ್ತು ಸಂಗಡಿಗರ ಉಪಕರಣ ಹೊತ್ತ ರಾಕೆಟ್ಟೊಂದು ಹಾರಿತು. ಚಂದ್ರನಿಂದ ಎಕ್ಸ್‌-ರೇ ಬರುತ್ತದೆಯೇ ಎಂದು ನೋಡುವುದು ಉದ್ದೇಶ. ಆಸ್ಪತ್ರೆಯಲ್ಲಿ ಮೂಳೆ ನೋಡುವ ಕಿರಣವೇ ಅದು. ಆಕಾಶದ ಎಕ್ಸ್‌-ರೇಯನ್ನು ವಾಯುಮಂಡಲ ತಡೆಯುತ್ತದೆ. ನೆಲದಲ್ಲಿ ಕುಳಿತರೆ ಸಿಗದು. ಕೆಲವೇ ನಿಮಿಷ ಮೇಲಿದ್ದ ಉಪಕರಣಕ್ಕೆ ಚಂದ್ರನ ಕಿರಣ ಸಿಗಲಿಲ್ಲ, ವೃಶ್ಚಿಕದ ಕಡೆಯಿಂದ ಪ್ರಬಲ ಕಿರಣ ಸಿಕ್ಕಿತು. ಅದಕ್ಕೆ 'ಸ್ಕಾರ್ಪಿಯಸ್ ಎಕ್ಸ್‌-1' ಎಂಬ ಹೆಸರು ಬಂತು. ಹೆಸರಿತ್ತು, ಗುರುತಿರಲಿಲ್ಲ. ಅಷ್ಟು ಜಾಗದಲ್ಲಿ ಸಾವಿರಾರು ನಕ್ಷತ್ರ, ಯಾವುದೆಂದು ಹೇಳುವುದು?

ದಾರಿ ತೋರಿದವರು ಜಪಾನಿನ ಮಿನೊರು ಓಡ. ಅವರ ಉಪಕರಣದಲ್ಲಿ ಒಂದರ ಹಿಂದೊಂದು ತಂತಿಯ ಜಾಲರಿಗಳು. ಜಪಾನಿನ ಮನೆಗಳ ಬಿದಿರಿನ ತಟ್ಟಿಪರದೆಯ ಹೆಸರೇ ಅದಕ್ಕೆ ಬಂತು. ಎರಡು ಪರದೆಯ ಸಂದುಗಳು ಸರಿಹೊಂದಿದಾಗಷ್ಟೇ ಕಿರಣ ಒಳಗೆ ಬರುವುದರಿಂದ, ಅದು ಬಂದ ದಿಕ್ಕು ನಿಖರವಾಗಿ ತಿಳಿಯುತ್ತದೆ. 1966ರ ಮಾರ್ಚಿನ ರಾಕೆಟ್ ಯಾನ ಹುಡುಕುವ ಜಾಗವನ್ನು ಎರಡು ಪುಟ್ಟ ಚೌಕಕ್ಕೆ ಇಳಿಸಿತು.

ಆ ಜೂನಿನಲ್ಲಿ ಜಪಾನಿನ ಖಗೋಳಜ್ಞರು, ಬಳಿಕ ಅಮೆರಿಕದ ಪಾಲೋಮರ್ ವೀಕ್ಷಣಾಲಯದವರು ಅಲ್ಲೊಂದು ಮಂಕಾದ ನೀಲಿ ನಕ್ಷತ್ರ ಕಂಡರು. ಅದರ ಬೆಳಕನ್ನು ಕಾಮನಬಿಲ್ಲಿನಂತೆ ಬಿಡಿಸಿ ನೋಡಿದರು. ಹೀಗೆ ಬಿಡಿಸಿದ ಬೆಳಕಿಗೆ ರೋಹಿತ ಎನ್ನುತ್ತಾರೆ. ಸಾಮಾನ್ಯ ನಕ್ಷತ್ರದ ರೋಹಿತದಲ್ಲಿ ಕಪ್ಪು ಗೆರೆಗಳಿರುತ್ತವೆ. ಇದರಲ್ಲಿ ಜಲಜನಕದ, ಹೀಲಿಯಮ್ಮಿನ ಗೆರೆಗಳು ಹೊಳೆಯುತ್ತಿದ್ದವು. ಅತಿ ಬಿಸಿಯಾದ ಅನಿಲ ಅಲ್ಲಿದೆ ಎಂಬುದಕ್ಕೆ ಅದು ಸಾಕ್ಷಿ. ಅಪರಿಚಿತ ಸಿಕ್ಕಿದ್ದ.

ಆದರೂ ಅಷ್ಟು ಎಕ್ಸ್‌-ರೇ ಹೇಗೆ ಹುಟ್ಟುತ್ತದೆ? 1975ರಲ್ಲಿ ಮತ್ತೊಂದು ಸುಳಿವು ಬಂತು. ನಕ್ಷತ್ರದ ಬೆಳಕು ಸುಮಾರು 18.9 ಗಂಟೆಗೊಮ್ಮೆ ಏರಿಳಿಯುತ್ತಿತ್ತು. ರೋಹಿತದ ಗೆರೆಗಳೂ ಅದೇ ಲೆಕ್ಕದಲ್ಲಿ ಅತ್ತಿತ್ತ ಸರಿಯುತ್ತಿದ್ದವು. ಅಂದರೆ ಅಲ್ಲಿರುವುದು ಒಂದಲ್ಲ, ಪರಸ್ಪರ ಸುತ್ತುವ ಜೋಡಿ. ಅದರಲ್ಲೊಂದು ನ್ಯೂಟ್ರಾನ್ ನಕ್ಷತ್ರ. ಸಂಗಾತಿಯ ಅನಿಲವನ್ನು ಅದು ಸೆಳೆಯುತ್ತದೆ. ಬೀಳುವ ಅನಿಲ ಕಾದು ಎಕ್ಸ್‌-ರೇ ಸೂಸುತ್ತದೆ.

ಜಿಯಾಕೋನಿಯವರಿಗೆ 2002ರಲ್ಲಿ ನೊಬೆಲ್ ಬಂತು. ಆದರೆ ರಾಕೆಟ್ ತಂದದ್ದು ವಿಳಾಸ ಮಾತ್ರ; ಆ ಮನೆಯಲ್ಲಿ ಯಾರಿದ್ದಾರೆಂದು ಹೇಳಿದ್ದು ನೆಲದ ಮೇಲಿನ ದೂರದರ್ಶಕ. ಒಂದು ಭಾಷೆಯಲ್ಲಿ ಕೇಳಿದ್ದನ್ನು ಇನ್ನೊಂದರಲ್ಲಿ ಖಚಿತಮಾಡಿಕೊಳ್ಳುವುದು ಗಡಿನಾಡಿನ ನಮಗೆ ನಿತ್ಯದ ರೂಢಿ. ಆಕಾಶವನ್ನು ಓದಿದವರೂ ಹಾಗೆಯೇ ಮಾಡಿದರು.