ಇಪ್ಪತ್ತಮೂರು ವರ್ಷ ತಡವಾಗಿ ಬಂದ ಸುದ್ದಿ

ಯುದ್ಧವಿಮಾನದ ಪೈಲಟ್ ಮೋಡದೊಳಗೆ ಹೊಕ್ಕು ಬೇರೆ ಕಾಲದಲ್ಲಿ ಹೊರಬೀಳುವ ಕಥೆಗಳು ಬಿಳಿಯರಿಗೆ ಬಹಳ ಪ್ರೀತಿ. ಬ್ರಿಟಿಷ್ ವಾಯುಪಡೆಯ ವಿಕ್ಟರ್ ಗೊಡ್ಡಾರ್ಡ್ ಅನ್ನುವ ದೊಡ್ಡ ಅಧಿಕಾರಿ ಇದು ತನಗೇ ಆಗಿದ್ದು ಅಂತ ಬರೆದಿದ್ದಾರೆ. 1935ರಲ್ಲಿ ಸ್ಕಾಟ್‌ಲ್ಯಾಂಡಿನ ಡ್ರೆಮ್ ಎಂಬಲ್ಲಿ ಪಾಳುಬಿದ್ದ ವಿಮಾನನೆಲೆಯ ಮೇಲೆ ಹಾರುವಾಗ, ಅಲ್ಲಿ ಹಳದಿ ವಿಮಾನಗಳು, ನೀಲಿ ಬಟ್ಟೆಯ ಮೆಕ್ಯಾನಿಕ್‌ಗಳು ಕಂಡರಂತೆ. ನಾಲ್ಕು ವರ್ಷದ ಮೇಲೆ ಆ ಜಾಗ ನಿಜವಾಗಿಯೂ ಹಾಗೇ ಆಯಿತಂತೆ. ಇರಬಹುದು. ಆದ್ರೆ ಓಚರ್ ಇಲ್ಲದ ಎಂಟ್ರಿಯನ್ನು ಪಾಸ್ ಮಾಡುವ ಅಭ್ಯಾಸ ನನಗಿಲ್ಲ.

ಓಚರ್ ಇರುವಂಥ ಕಥೆಯೊಂದು ನಮ್ಮ ಕೊಡಗಿನಲ್ಲೇ ಇದೆ. 2025ರ ಜನವರಿಯಲ್ಲಿ 'ಸ್ಕೈ ಫೋರ್ಸ್' ಅಂತ ಹಿಂದಿ ಸಿನಿಮಾ ಬಂತಲ್ಲ, ಅದರ ಮೂಲ ಇದೇ. ಸಿನಿಮಾದಲ್ಲಿ ಹೆಸರು ಬದಲಾಯಿಸಿದ್ದಾರೆ. ಹಾಗಾಗಿ ನಮ್ಮ ಬ್ರ್ಯಾಂಚಿನಲ್ಲಿ ಊಟದ ಹೊತ್ತಿಗೆ ಅದರ ಮಾತು ಬಂದಾಗ, ಆ ಪೈಲಟ್ ಎಲ್ಲಿಯವನು ಅಂತ ಒಬ್ಬರಿಗೂ ಗೊತ್ತಿರಲಿಲ್ಲ. ಮುಂಬೈಯವರಿಗೆ ಕೂರ್ಗ್ ಅಂದ್ರೆ ಹೋಮ್‌ಸ್ಟೇ ಮತ್ತು ಕಾಫಿಪುಡಿ, ಅಷ್ಟೆ.

ಅವರ ಹೆಸರು ಅಜ್ಜಮಾಡ ಬೋಪಯ್ಯ ದೇವಯ್ಯ. ಹುಟ್ಟಿದ್ದು 1932, ವಾಯುಪಡೆ ಸೇರಿದ್ದು 1954. 1965ರ ಯುದ್ಧ ಶುರುವಾದಾಗ ಹುಡುಗರಿಗೆ ವಿಮಾನ ಕಲಿಸುವ ಮೇಷ್ಟ್ರಾಗಿದ್ದರು. ಅಲ್ಲಿಂದ ಪಂಜಾಬಿನ ಆದಂಪುರದಲ್ಲಿದ್ದ 1ನೇ ಸ್ಕ್ವಾಡ್ರನ್‌ಗೆ ಕಳಿಸಿದರು. ಸೆಪ್ಟೆಂಬರ್ 7ರ ಬೆಳಗಿನ ಜಾವ ಹನ್ನೆರಡು ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ನೆಲೆಯ ಮೇಲೆ ದಾಳಿಗೆ ಹೊರಡಬೇಕಿತ್ತು, ವಿಂಗ್ ಕಮಾಂಡರ್ ಓ.ಪಿ. ತನೇಜಾ ಮುಂದಾಳು. ಆ ಹನ್ನೆರಡರಲ್ಲಿ ದೇವಯ್ಯನವರ ಹೆಸರೇ ಇರಲಿಲ್ಲ! ಯಾವುದಾದರೂ ವಿಮಾನ ಕೈಕೊಟ್ಟರೆ ಇರಲಿ ಅಂತ ಸ್ಟ್ಯಾಂಡ್‌ಬೈ ಇಟ್ಟಿದ್ದರು. ಒಂದು ಕೈಕೊಟ್ಟಿತು, ಇವರು ಹೊರಟರು.

ಗಡಿ ದಾಟಿದ ಕೂಡಲೇ ಗಡಿಯಾರ ಅರ್ಧ ಗಂಟೆ ಹಿಂದಕ್ಕೆ ಹೋಗುತ್ತದೆ, ಗೊತ್ತಲ್ಲ? (ನಮ್ಮ ಮುಂಬೈಯಲ್ಲೂ 1955ರ ತನಕ 'ಬಾಂಬೆ ಟೈಮ್' ಅಂತ ಬೇರೆಯೇ ಗಡಿಯಾರ ಇತ್ತು, ಸ್ಟ್ಯಾಂಡರ್ಡ್ ಟೈಮಿಗಿಂತ 39 ನಿಮಿಷ ಹಿಂದೆ. ಅದರ ಪುರಾಣ ಇನ್ನೊಮ್ಮೆ ಬರೆಯುತ್ತೇನೆ.)

ದಾಳಿ ಮುಗಿಸಿ ವಾಪಸಾಗುವಾಗ ಪಾಕಿಸ್ತಾನದ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಎಫ್-104 ಸ್ಟಾರ್‌ಫೈಟರ್‌ನಲ್ಲಿ ಎರಗಿದ. ಅದು ಶಬ್ದಕ್ಕಿಂತ ಎರಡು ಪಟ್ಟು ವೇಗದ ಅಮೆರಿಕನ್ ವಿಮಾನ. ನಮ್ಮ ಮಿಸ್ಟೇರ್ ಅದರ ಅರ್ಧದಷ್ಟೂ ಓಡುತ್ತಿರಲಿಲ್ಲ. ಗುಂಡು ಬಿದ್ದು ದೇವಯ್ಯನವರ ವಿಮಾನಕ್ಕೆ ಏಟಾಯಿತು. ಕೆಲಸ ಮುಗಿಯಿತು ಅಂದುಕೊಂಡು ಅಮ್ಜದ್ ಬೇರೆಯವರ ಹಿಂದೆ ಹೋದ. ದೇವಯ್ಯ ಮನೆ ಕಡೆ ಮೂತಿ ತಿರುಗಿಸಬಹುದಿತ್ತು. ಆದ್ರೆ ಏಟು ತಿಂದ ವಿಮಾನದಲ್ಲೇ ಅವನ ಮೇಲೆ ತಿರುಗಿಬಿದ್ದರು. ಎಫ್-104ರ ರೆಕ್ಕೆ ಬಹಳ ಗಿಡ್ಡ. ನೇರ ಓಡುವುದರಲ್ಲಿ ರಾಕ್ಷಸ, ನೆಲದ ಹತ್ತಿರ ತಿರುವು ತೆಗೆಯುವುದರಲ್ಲಿ ಸೋಮಾರಿ. ಆ ತಿರುವಿನಲ್ಲೇ ಮಿಸ್ಟೇರಿನ ಗುಂಡು ತಗುಲಿತು. ಅಮ್ಜದ್ ಪ್ಯಾರಾಚೂಟಿನಲ್ಲಿ ಹಾರಿ ಬದುಕಿಕೊಂಡ. ದೇವಯ್ಯ ಬದುಕಲಿಲ್ಲ. ಅಲ್ಲಿಯ ಹಳ್ಳಿಯವರೇ ಮಣ್ಣು ಮಾಡಿದರು ಅಂತ ಆಮೇಲೆ ಆ ಕಡೆಯಿಂದ ತಿಳಿದ ಸುದ್ದಿ.

ಈ ಕಡೆ ಇದ್ಯಾವುದೂ ಗೊತ್ತಿಲ್ಲ. 'ಮಿಸ್ಸಿಂಗ್' ಅಂತ ಬರೆದರು, ಕೆಲಕಾಲದ ಮೇಲೆ ಸತ್ತಿರಬೇಕು ಅಂತ ತೀರ್ಮಾನ ಮಾಡಿದರು. ಅದೇ ಯುದ್ಧದ ಕೊನೆಗೆ ಜನರಲ್ ಕಾರ್ಯಪ್ಪನವರ ಮಗ ಹಂಟರ್ ವಿಮಾನ ಬಿದ್ದು ಸೆರೆಯಾದದ್ದು ದೇಶಕ್ಕೆಲ್ಲ ತಿಳಿಯಿತು. ದೇವಯ್ಯನವರ ಮನೆಗೆ ಮಾತ್ರ ಏನಾಯಿತು, ಹೇಗಾಯಿತು, ಒಂದೂ ಇಲ್ಲ.

ಬ್ಯಾಂಕಿನವರಿಗೆ ಇದು ಬೇಗ ಅರ್ಥವಾಗುತ್ತದೆ. ನಮ್ಮ ಪುಸ್ತಕದಲ್ಲಿ ಸಸ್ಪೆನ್ಸ್ ಅಕೌಂಟಿನಲ್ಲಿ ಒಂದು ಎಂಟ್ರಿ ಕೂತಿರುತ್ತದೆ. ಅದರ ಜೋಡಿ ಎಂಟ್ರಿ ಇನ್ನೊಂದು ಬ್ರ್ಯಾಂಚಿನ ಪುಸ್ತಕದಲ್ಲಿ. ಅವರು ತೋರಿಸದೆ ಇಲ್ಲಿ ತಾಳೆ ಬೀಳಲ್ಲ. ಎಲ್ಲಕ್ಕಿಂತ ಹೊಟ್ಟೆ ಉರಿಯುವ ಸಂಗತಿ ಕೇಳಿ. 1971ರ ಯುದ್ಧದಲ್ಲಿ ಅದೇ ಅಮ್ಜದ್ ಹುಸೇನ್ ಅಮೃತಸರದ ಮೇಲೆ ದಾಳಿಗೆ ಬಂದು, ನೆಲದ ಗುಂಡಿಗೆ ವಿಮಾನ ಕಳಕೊಂಡು, ಭಾರತದಲ್ಲೇ ಯುದ್ಧಕೈದಿಯಾಗಿದ್ದ! ಉತ್ತರ ನಮ್ಮ ಕೈಯಲ್ಲೇ ಇತ್ತು. ಕಡತದಲ್ಲಿ ಒಂದಕ್ಷರ ಬದಲಾಗಲಿಲ್ಲ.

ಬದಲಾದದ್ದು ಒಬ್ಬ ಇಂಗ್ಲಿಷ್ ಬರಹಗಾರನಿಂದ. ಪಾಕಿಸ್ತಾನದ ವಾಯುಪಡೆಯ ಕಡೆಯಿಂದ ಮಾಹಿತಿ ಪಡೆದ ಜಾನ್ ಫ್ರಿಕರ್, 1979ರ ತನ್ನ ಪುಸ್ತಕದಲ್ಲಿ ಏಟು ತಿಂದ ಮಿಸ್ಟೇರೊಂದು ಸ್ಟಾರ್‌ಫೈಟರನ್ನು ಕೆಡವಿದ್ದನ್ನು ಬರೆದ. ಅವತ್ತು ವಾಪಸಾಗದ ಮಿಸ್ಟೇರ್ ಯಾವುದು ಅಂತ ನಿವೃತ್ತರಾಗಿದ್ದ ತನೇಜಾ ಅವರಿಗೆ ಗೊತ್ತಿತ್ತು. ಅವರು ಪತ್ರ ಬರೆದು ಬೆನ್ನುಹತ್ತಿದರು. 1988ರಲ್ಲಿ ಮಹಾವೀರ ಚಕ್ರ ಘೋಷಣೆಯಾಗಿ ದೇವಯ್ಯನವರ ಪತ್ನಿ ಅದನ್ನು ಸ್ವೀಕರಿಸಿದರು. ಹೋದಾಗ ಗಂಡನಿಗೆ ಮೂವತ್ತೆರಡು ವರ್ಷ. ಆ ಬೆಳಗ್ಗೆ ನಡೆದದ್ದು ಮನೆ ತಲುಪಲು ಇಪ್ಪತ್ತಮೂರು ವರ್ಷ ಹಿಡಿಯಿತು.

ಈಗ ಮಡಿಕೇರಿಯಲ್ಲಿ ಅವರ ಹೆಸರಿನ ಸರ್ಕಲ್ಲಿದೆ, ಪ್ರತಿಮೆಯೂ ಇದೆ. ಮುಂದಿನ ಸಲ ಮಕ್ಕಳನ್ನು ಕಟ್ಟಿಕೊಂಡು ರಾಜಾಸೀಟಿಗೆ ಹೋಗುವವರು ಅಲ್ಲಿ ಐದು ನಿಮಿಷ ಕಾರು ನಿಲ್ಲಿಸಿ.