ಹಡಗಿನ ದಿನಚರಿಗಳಲ್ಲಿ ಸಿಕ್ಕ ಸುಂಟರಗಾಳಿ

ಕಲ್ಕತ್ತೆಯಲ್ಲಿದ್ದ ಹೆನ್ರಿ ಪಿಡಿಂಗ್ಟನ್ನನು ಬಂಗಾಳಕೊಲ್ಲಿಯ ಬಿರುಗಾಳಿಗೆ ಸಿಕ್ಕಿ ಬಂದ ಹಡಗುಗಳ ದಿನಚರಿಗಳನ್ನು ತರಿಸಿಕೊಂಡು, ಯಾವ ಗಳಿಗೆಯಲ್ಲಿ ಗಾಳಿ ಯಾವ ದಿಕ್ಕಿನಿಂದ ಬೀಸಿತು, ವಾಯುಭಾರಮಾಪಕದ ಪಾದರಸ ಎಷ್ಟು ಇಳಿಯಿತು ಎಂಬುದನ್ನು ನಕ್ಷೆಯ ಮೇಲೆ ಗುರುತಿಸುತ್ತ ಹೋದಂತೆ, ಆ ಗಾಳಿ ಶಾಂತವಾದ ಕೇಂದ್ರವೊಂದನ್ನು ಅಪ್ರದಕ್ಷಿಣವಾಗಿ ಸುತ್ತುವುದೆಂಬ ಸತ್ಯ ಅವನಿಗೆ ದೃಢವಾಯಿತು. ಹಾವಿನ ಸುರುಳಿಯನ್ನು ನೆನಪಿಸುವ ಗ್ರೀಕ್ ಮೂಲದಿಂದ ‘ಸೈಕ್ಲೋನ್’ ಎಂಬ ಹೆಸರನ್ನು ಬಳಕೆಗೆ ತಂದವನೂ ಅವನೇ. ಬೆಚ್ಚನೆಯ ಕಡಲಿನಿಂದೆದ್ದ ಆವಿ ಮೇಲೇರಿ ಮೋಡವಾಗುವಾಗ ಬಿಡುವ ಗುಪ್ತೋಷ್ಣವೇ ಈ ಬಿರುಗಾಳಿಯ ಆಹಾರ. ಒಳನುಗ್ಗುವ ಗಾಳಿಯನ್ನು ಓರೆಯಾಗಿಸಿ ಸುತ್ತಿಸುವುದು ಭೂಭ್ರಮಣ.

ಬಂಗಾಳದ ಮಾತ್ಲಾ ನದಿಯ ದಡದಲ್ಲಿ ಬಂದರು ಕಟ್ಟಿದರೆ ಚಂಡಮಾರುತದ ಅಲೆ ಅದನ್ನು ನುಂಗೀತೆಂದು 1853ರಲ್ಲಿ ಅವನು ಗವರ್ನರ್ ಜನರಲ್‌ಗೆ ಬಿನ್ನವಿಸಿದನು. ವ್ಯಥೆಯ ಸಂಗತಿಯೆಂದರೆ, ಆ ಮಾತನ್ನು ಮನ್ನಿಸುವವರಿರಲಿಲ್ಲ. ಅವನು 1858ರಲ್ಲಿ ತೀರಿಕೊಂಡನು. 1867ರಲ್ಲಿ ಕಡಲು ಅದೇ ಮಾತ್ಲಾ ದಡದಲ್ಲಿ ಕಟ್ಟಿದ ಕ್ಯಾನಿಂಗ್ ಬಂದರಿನೊಳಕ್ಕೆ ನುಗ್ಗಿತು.