ಹಾರದ ವಿಮಾನವೊಂದರ ಚರಿತ್ರೆ

ಎಂದೂ ಹಾರದ ವಿಮಾನವೊಂದರ ಮಾದರಿಯನ್ನು ನಾವು ಈಚೆಗೆ ಕಟ್ಟಿದೆವು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಟಲಿ ನಿರ್ಮಿಸಬಹುದಾಗಿದ್ದ, ಆದರೆ ನಿರ್ಮಿಸದೆ ಹೋದ ಹಗುರ ಯುದ್ಧವಿಮಾನ ಅದು. ಇಲ್ಲದ್ದನ್ನು ಕಟ್ಟುವಾಗ ಮನಸ್ಸಿಗೆ ತೋಚಿದಂತೆ ಕಟ್ಟಬಹುದೆಂದು ಮೊದಲು ಭಾವಿಸಿದ್ದೆವು. ಹಾಗಾಗಲಿಲ್ಲ. ಹೆಜ್ಜೆ ಹೆಜ್ಜೆಗೂ ಇತಿಹಾಸ ನಮ್ಮ ಕೈ ಹಿಡಿದು ನಿಲ್ಲಿಸಿತು.

ನಮ್ಮ ಕಲ್ಪನೆಗೆ ಆಧಾರವಾದದ್ದು ನಿಜವಾದ ಒಂದು ವಿಮಾನ: ಅಂಬ್ರೋಸಿನಿ ಎಸ್.ಎ.ಐ. 207. ಉಂಬ್ರಿಯಾ ಪ್ರಾಂತದ ತ್ರಾಸಿಮೆನೊ ಸರೋವರದ ದಡದಲ್ಲಿರುವ ಪಾಸಿನ್ಯಾನೊ ಎಂಬ ಊರಿನ ಕಾರ್ಖಾನೆಗಾಗಿ ಸೆರ್ಜಿಯೊ ಸ್ತೆಫನುತ್ತಿ ಅದನ್ನು ರೂಪಿಸಿದ್ದ. ಅದರ ಮೈಯೆಲ್ಲ ಮರ, ಎಂಜಿನ್ನಿನ ಬಲ 750 ಅಶ್ವಶಕ್ತಿ, ಆಯುಧ 12.7 ಮಿಲಿಮೀಟರಿನ ಎರಡು ಮೆಷಿನ್‌ಗನ್ನುಗಳು. ಆ ಹೊತ್ತಿಗೆ ಬ್ರಿಟನ್ನಿನ ಸ್ಪಿಟ್‌ಫೈರ್ ಅದರ ಇಮ್ಮಡಿ ಶಕ್ತಿಯ ಎಂಜಿನ್ ಪಡೆದಿತ್ತು. ದೊಡ್ಡ ಎಂಜಿನ್ನೂ ಲೋಹವೂ ಸಾಲದ ದೇಶವೊಂದು, ತೂಕ ಇಳಿಸಿಯಾದರೂ ವೇಗ ಗಳಿಸಲು ಹುಡುಕಿದ ದಾರಿ ಅದು.

ವಿಮಾನದ ರೆಕ್ಕೆಯ ಹರವು 9 ಮೀಟರ್. ಎಪ್ಪತ್ತೆರಡರಲ್ಲಿ ಒಂದರ ಅಳತೆಗೆ ಇಳಿಸಿದರೆ ಹನ್ನೆರಡೂವರೆ ಸೆಂಟಿಮೀಟರ್. ಬಾಲ್ಸಾ ಮರವನ್ನು ಕೆತ್ತಿ, ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ ಅದನ್ನು ಸಿದ್ಧಗೊಳಿಸಿದ ಮೇಲೆ ನಮ್ಮ 'ಒಂದುವೇಳೆ' ಆರಂಭವಾಯಿತು. ಫಿಯಟ್ ಸಂಸ್ಥೆ ಜರ್ಮನಿಯ ಡೈಮ್ಲರ್-ಬೆಂಜ್ ಎಂಜಿನನ್ನು 'ಟಿಫೋನೆ' ಎಂಬ ಹೆಸರಿನಲ್ಲಿ ತಯಾರಿಸುತ್ತಿತ್ತು. ಒಂದುವೇಳೆ ಅದನ್ನೇ ಇದಕ್ಕೆ ಜೋಡಿಸಿದ್ದರೆ? ಲೆಕ್ಕ ಹಾಕಿದೆವು. 207ರ ಒಟ್ಟು ಭಾರ ಸುಮಾರು 2400 ಕಿಲೋ. ಆ ಎಂಜಿನ್ ಒಂದೇ 700 ಕಿಲೋ ಮೀರುತ್ತದೆ. ಮೂತಿ ಭಾರವಾದರೆ ಬಾಲವನ್ನು ಉದ್ದ ಮಾಡಬೇಕು, ರೆಕ್ಕೆಯನ್ನು ಹಿಗ್ಗಿಸಬೇಕು, ಇಂಧನವನ್ನೂ ಹೆಚ್ಚಿಸಬೇಕು. ಕೊನೆಗೆ ಉಳಿಯುವುದು ಹಗುರ ವಿಮಾನವಲ್ಲ. ನಾವು ಆ ಆಸೆಯನ್ನು ಬಿಟ್ಟು, ಹಳೆಯ ಎಂಜಿನ್ನನ್ನೇ ಉಳಿಸಿಕೊಂಡು, ಕಾಕ್‌ಪಿಟ್ಟಿನ ಗಾಜಿನ ಮುಚ್ಚಳವನ್ನೂ ಬಾಲವನ್ನೂ ಮಾತ್ರ ಬದಲಿಸಿದೆವು.

ಹಗುರತನಕ್ಕೂ ಬೆಲೆ ತೆರಬೇಕಾಗಿತ್ತು. 1920ರಲ್ಲಿ ಅರ್ತುರೊ ಫೆರ್ರಾರಿನ್ ಎಂಬ ವೈಮಾನಿಕ ಕರಾಚಿ, ದೆಹಲಿ, ಕಲ್ಕತ್ತೆಗಳ ಮೇಲಿಂದ ಹಾದು ರೋಮಿನಿಂದ ಟೋಕಿಯೊವರೆಗೆ ಹಾರಿ ಜಗತ್ಪ್ರಸಿದ್ಧನಾಗಿದ್ದ. 207ಕ್ಕೆ ಮೊದಲಿನ ರೂಪವಾದ 107ನ್ನು ಪರೀಕ್ಷಿಸುತ್ತಿದ್ದಾಗ, 1941ರ ಜುಲೈ 18ರಂದು, ಅದೇ ಫೆರ್ರಾರಿನ್ ಅಪಘಾತದಲ್ಲಿ ಮಡಿದ. ಮುಂದೆ 207ರ 2000 ವಿಮಾನಗಳಿಗೆ ಆದೇಶ ಹೊರಟಿತಾದರೂ ತಯಾರಾದವು ಹದಿನೈದರ ಆಸುಪಾಸು. 1943ರ ಸೆಪ್ಟೆಂಬರ್ 8ರಂದು ಇಟಲಿಯ ಶರಣಾಗತಿ ಪ್ರಕಟವಾದಾಗ ಆ ಕಥೆ ಮುಗಿಯಿತು.

ಆದರೆ ನಮ್ಮ ಕಲ್ಪನೆಯ ವಿಮಾನ ಮುಗಿಯಬೇಕಾಗಿರಲಿಲ್ಲವಲ್ಲ! ಜರ್ಮನಿಯ ಆಸರೆಯಲ್ಲಿ ಮುಸೊಲಿನಿ ಉತ್ತರ ಇಟಲಿಯಲ್ಲಿ ನಡೆಸಿದ ಸರ್ಕಾರಕ್ಕೂ ವಾಯುಪಡೆಯಿತ್ತು. ನಮ್ಮದು 1944ರ ಬೇಸಿಗೆಯಲ್ಲಿ ಆ ಪಡೆಯ ಪರವಾಗಿ ಹಾರಿತೆಂದು ಬಣ್ಣ ಬಳಿಯಲು ಹೊರಟೆವು. ಆಗ ಉಂಬ್ರಿಯಾದ ಆ ಬೇಸಿಗೆ ಹೇಗಿತ್ತೆಂದು ಓದಬೇಕಾಯಿತು. ಸರೋವರದಿಂದ ಹೆಚ್ಚು ದೂರವಲ್ಲದ ಟೈಬರ್ ನದಿಯ ಮೇಲ್ಕಣಿವೆಯಲ್ಲಿ, ಜುಲೈ 10ರಂದು, ನಾಯಕ್ ಯಶವಂತ ಘಾಡಗೆ ಅವರ ತುಕಡಿ ಶತ್ರುವಿನ ಮೆಷಿನ್‌ಗನ್ನಿಗೆ ಸಿಕ್ಕಿತು. ಜೊತೆಗಾರರೆಲ್ಲ ಬಿದ್ದ ಮೇಲೆ ಅವರೊಬ್ಬರೇ ನುಗ್ಗಿ ಆ ಠಾಣೆಯನ್ನು ಗೆದ್ದು, ಅಲ್ಲೇ ಗುಂಡಿಗೆ ಬಲಿಯಾದರು. ಮರಣಾನಂತರ ಅವರಿಗೆ ವಿಕ್ಟೋರಿಯಾ ಕ್ರಾಸ್ ಸಂದಿತು. ಅವರದು ಮರಾಠಾ ಲಘು ಪದಾತಿದಳ. ನಮ್ಮ ಬೆಳಗಾವಿಯಲ್ಲಿ ಇಂದಿಗೂ ಕೇಂದ್ರ ಹೊಂದಿರುವ ದಳ.

ನಾವು ಮೇಜಿನ ಮೇಲೆ ಹಾರಿಸಿದ ವಿಮಾನ ಗುಂಡಿಕ್ಕಬೇಕಾಗಿದ್ದುದು ಇಂಥವರ ಮೇಲೆಯೇ. 'ಒಂದುವೇಳೆ' ಎಂಬ ಆಟದಲ್ಲಿ ನಾವು ಎಂಜಿನ್ನಿನ ಭಾರವನ್ನು ಲೆಕ್ಕ ಹಾಕಿದ್ದೆವು. ಕೆಳಗೆ ನೆಲದ ಮೇಲಿದ್ದವರನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ರೆಕ್ಕೆಯ ಮೇಲಿನ ಗುರುತನ್ನು ಬಿಟ್ಟುಬಿಡೋಣವೇ ಎಂದು ಆಗ ಯೋಚಿಸಿದೆವು. ಕಡ್ಡಿಗಳ ಕಟ್ಟಿಗೆ ಕೊಡಲಿ ಸಿಕ್ಕಿಸಿದ ಆ ಫಾಸಿಸ್ಟ್ ಲಾಂಛನ ಕಣ್ಣಿಗೆ ಹಿತವಾದುದಲ್ಲ. ಆದರೆ ಅದನ್ನು ಅಳಿಸಿದರೆ ಉಳಿಯುವುದು ಬರೀ ಚೆಂದದ ವಿಮಾನ. ಅದು ಯಾರಿಗಾಗಿ ಹಾರಬೇಕಾಗಿತ್ತು ಎಂಬುದು ಮರೆಯಾಗುತ್ತದೆ. ಆದ್ದರಿಂದ ಲಾಂಛನವನ್ನು ಬರೆದೇ ಕಪಾಟಿನಲ್ಲಿಟ್ಟಿದ್ದೇವೆ. ನೋಡಿದವರು ಅದೇನೆಂದು ಕೇಳಿದರೆ, ವಿಮಾನದ ಕಥೆಯೊಂದಿಗೆ ಘಾಡಗೆ ಅವರ ಹೆಸರನ್ನೂ ಹೇಳುತ್ತೇವೆ.